ಹೊಸ ಸ್ಪೋರ್ಟ್ ಬೈಕಿನ ಗೇರ್ ತಕರಾರು: ಮಾಡಿ ನೋಡಿದ ಪರಿಹಾರಗಳ ಹೋಲಿಕೆ

ಹೊಸ ಬೈಕಿನಲ್ಲಿ ಗೇರ್ ಸರಿಯಾಗಿ ಬೀಳುತ್ತಿಲ್ಲ ಎಂದರೆ ಸಾಕು, ಎಲ್ಲರ ಬಳಿಯೂ ಒಂದೊಂದು ಪರಿಹಾರವಿರುತ್ತದೆ. ಓಡಿಸುತ್ತಾ ಹೋದರೆ ತಾನಾಗಿ ಸರಿಹೋಗುತ್ತದೆ ಎನ್ನುವವರಿದ್ದಾರೆ, ಕೇಬಲ್ ಬಿಗಿ ಮಾಡಿಸಿ ಎನ್ನುವವರಿದ್ದಾರೆ, ಆಯಿಲ್ ಬದಲಿಸಿದರೆ ಬೆಣ್ಣೆ ಎನ್ನುವವರೂ ಇದ್ದಾರೆ. ಈ ಎಲ್ಲವನ್ನೂ ಒಂದೇ ಬೈಕಿನ ಮೇಲೆ ಒಂದಾದ ಮೇಲೊಂದು ಮಾಡಿ ನೋಡಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಕ್ಲಚ್‌ನ ದೋಷ ಯಾವುದು, ಗೇರ್ ಲಿವರಿನ ದೋಷ ಯಾವುದು ಎಂದು ಬೇರ್ಪಡಿಸದೆ ಯಾವ ಪರಿಹಾರಕ್ಕೆ ಕೈ ಹಾಕಿದರೂ ಅರ್ಧ ಗುಣ ಮಾತ್ರ ಸಿಗುತ್ತದೆ. ಆ ಅರ್ಧ ಗುಣದ ಸಮಾಧಾನದಲ್ಲಿ ವಾರಂಟಿಯ ಕಾಲ ಕಳೆದುಹೋಗುತ್ತದೆ.

ಬೈಕ್ ಆರು ಗೇರಿನದು. ಕೇಬಲ್‌ನಿಂದ ಎಳೆಯುವ ಕ್ಲಚ್, ಅದರೊಳಗೆ ಲಿವರನ್ನು ಹಗುರಗೊಳಿಸುವ, ಗೇರ್ ಇಳಿಸುವಾಗಿನ ಜಗ್ಗಾಟ ತಗ್ಗಿಸುವ ಅಸಿಸ್ಟ್ ಮತ್ತು ಸ್ಲಿಪ್ಪರ್ ವ್ಯವಸ್ಥೆ, ಕ್ಲಚ್ ಹಿಡಿಯದೆ ಗೇರ್ ಏರಿಸಲು ಕ್ವಿಕ್‌ಶಿಫ್ಟರ್. ತೊಂದರೆ ಎರಡು ಬಗೆಯಲ್ಲಿ ಕಾಣಿಸುತ್ತಿತ್ತು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸಿಗ್ನಲ್ಲಿನಲ್ಲಿ ನಿಂತರೆ ನ್ಯೂಟ್ರಲ್ ಸಿಗುತ್ತಿರಲಿಲ್ಲ. ಒಂದನೇ ಗೇರಿನಿಂದ ಎತ್ತಿದರೆ ನೇರ ಎರಡಕ್ಕೆ, ಎರಡರಿಂದ ಒತ್ತಿದರೆ ನೇರ ಒಂದಕ್ಕೆ. ಕ್ಲಚ್ ಪೂರ್ತಿ ಹಿಡಿದಿದ್ದರೂ ಬೈಕ್ ಮೆಲ್ಲನೆ ಮುಂದಕ್ಕೆ ಜಗ್ಗುತ್ತಿತ್ತು. ಇನ್ನೊಂದು, ಓಟದಲ್ಲಿ ಐದರಿಂದ ಆರಕ್ಕೆ ಏರಿಸುವಾಗ ಕೆಲವೊಮ್ಮೆ ಗೇರ್ ನಡುವೆಯೇ ನಿಂತುಬಿಡುತ್ತಿತ್ತು. ಎಂಜಿನ್ ಕೂಗುತ್ತಿತ್ತು, ಚಕ್ರಕ್ಕೆ ಶಕ್ತಿ ಹೋಗುತ್ತಿರಲಿಲ್ಲ. ಇದನ್ನೇ ಫಾಲ್ಸ್ ನ್ಯೂಟ್ರಲ್ ಎನ್ನುತ್ತಾರೆ. ವೇಗದಲ್ಲಿ ಹೋಗುವಾಗ ಇದು ಬರೀ ಕಿರಿಕಿರಿಯಲ್ಲ, ಅಪಾಯ.

ಮೊದಲು ಬೇರ್ಪಡಿಸುವುದು

ಮೋಟಾರ್‌ಸೈಕಲಿನ ಗೇರ್‌ಬಾಕ್ಸಿನಲ್ಲಿ ಎಲ್ಲಾ ಜೋಡಿ ಗೇರುಗಳೂ ಸದಾ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಕಾಲಿನಿಂದ ಲಿವರ್ ಎತ್ತಿದಾಗ ಶಿಫ್ಟ್ ಡ್ರಮ್ ಎಂಬ ಉರುಳೆ ಒಂದು ಮೆಟ್ಟಿಲು ತಿರುಗುತ್ತದೆ. ಅದರ ತೋಡಿನಲ್ಲಿ ಕುಳಿತ ಫೋರ್ಕ್ ಎಂಬ ಕವಲು ಒಂದು ಗೇರನ್ನು ಪಕ್ಕಕ್ಕೆ ಸರಿಸುತ್ತದೆ, ಅದರ ಪಕ್ಕೆಯಲ್ಲಿರುವ ಡಾಗ್ ಎಂಬ ಮೊಂಡು ಹಲ್ಲುಗಳು ನೆರೆಯ ಗೇರಿನ ಕಿಂಡಿಗಳಿಗೆ ಹೊಕ್ಕು ಹಿಡಿದುಕೊಳ್ಳುತ್ತವೆ. ಈ ಹಲ್ಲುಗಳ ಮೇಲೆ ಎಂಜಿನ್ನಿನ ಒತ್ತಡ ಇರುವವರೆಗೆ ಅವು ಬಿಟ್ಟುಕೊಡುವುದಿಲ್ಲ. ಒತ್ತಡ ತೆಗೆಯುವುದೇ ಕ್ಲಚ್‌ನ ಕೆಲಸ. ಬೈಕ್ ಓಡುತ್ತಿರುವಾಗ ಅದೇ ಕೆಲಸವನ್ನು ಕ್ವಿಕ್‌ಶಿಫ್ಟರ್ ಎಂಜಿನ್ನಿನ ಶಕ್ತಿಯನ್ನು ಕ್ಷಣಮಾತ್ರ ತಡೆದು ಮಾಡುತ್ತದೆ. ಅಂದರೆ ಒಂದೇ ಗೇರ್‌ಬಾಕ್ಸನ್ನು ಕ್ಲಚ್ ಸಹಿತ, ಕ್ಲಚ್ ರಹಿತ ಎರಡೂ ರೀತಿಯಲ್ಲಿ ಪರೀಕ್ಷಿಸಬಹುದು.

ಖಾಲಿ ರಸ್ತೆಯಲ್ಲಿ, ಬಿಸಿ ಎಂಜಿನ್‌ನಲ್ಲಿ ಹಾಗೆಯೇ ಮಾಡಿದೆ. ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಕ್ಲಚ್ ಹಿಡಿದು ಏರಿಸಿದರೆ ಗೇರ್ ಲಿವರ್ ಗಟ್ಟಿ; ಕ್ವಿಕ್‌ಶಿಫ್ಟರಿನಲ್ಲಿ ಅದೇ ಗೇರುಗಳು ಸಲೀಸು. ಆದರೆ ಐದರಿಂದ ಆರಕ್ಕೆ ಎರಡೂ ವಿಧಾನಗಳಲ್ಲಿ ತಪ್ಪುತ್ತಿತ್ತು. ಇದಕ್ಕಿಂತ ಸರಳವಾದ ಇನ್ನೊಂದು ಪರೀಕ್ಷೆಯೂ ಇದೆ. ಎಂಜಿನ್ ಬಿಸಿಯಿದ್ದು ನ್ಯೂಟ್ರಲ್ ಸಿಗದಿರುವಾಗ ಎಂಜಿನ್ ಆರಿಸಿ, ಬೈಕನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ಮತ್ತೆ ಪ್ರಯತ್ನಿಸಿ. ಆಗ ತಟ್ಟನೆ ಸಿಕ್ಕಿದರೆ ಗೇರ್‌ಬಾಕ್ಸಿನ ಮೇಲೆ ಅನುಮಾನ ಬೇಡ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ನನ್ನ ಬೈಕಿನಲ್ಲಿ ತಟ್ಟನೆ ಸಿಗುತ್ತಿತ್ತು. ಎರಡು ತೊಂದರೆಗಳಿಗೆ ಮೂಲ ಎರಡು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಮುಂದಿನ ಪ್ರತಿಯೊಂದು ಪರಿಹಾರವನ್ನೂ ಈ ಎರಡರ ಮೇಲೆ ಬೇರೆಬೇರೆಯಾಗಿ ತೂಗಿ ನೋಡಿದೆ.

ಕಾಯುವುದು

ಇದರಲ್ಲಿ ಸತ್ಯವಿಲ್ಲದಿಲ್ಲ. ಹೊಸ ಕೇಬಲ್ ಮೊದಮೊದಲು ಎಳೆದುಕೊಂಡು ತನ್ನ ಜಾಗದಲ್ಲಿ ಕೂರುತ್ತದೆ, ಹೊಸ ಹಲ್ಲುಗಳ ಅಂಚು ನಯವಾಗುತ್ತದೆ, ಮೊದಲ ಆಯಿಲ್ ಲೋಹದ ಸಣ್ಣ ಪುಡಿಯನ್ನೆಲ್ಲ ಹೊತ್ತಿರುತ್ತದೆ. ಅನೇಕ ಬೈಕುಗಳಿಗೆ ಮೊದಲ ಸರ್ವಿಸ್ 1000 ಕಿಲೋಮೀಟರಿನ ಆಸುಪಾಸಿನಲ್ಲಿರುವುದು ಇದಕ್ಕಾಗಿಯೇ. ಅಲ್ಲಿಯವರೆಗೆ ಕಾಯ್ದಾಗ ಲಿವರಿನ ಒರಟುತನ ಕಡಿಮೆಯಾಯಿತು. ನ್ಯೂಟ್ರಲ್ ಮಾತ್ರ ಬಿಸಿಯಲ್ಲಿ ಮೊದಲಿನಂತೆಯೇ ಮರೆಯಾಗುತ್ತಿತ್ತು. ಮೊದಲ ಸರ್ವಿಸ್‌ವರೆಗೆ ಕಾಯುವುದು ಸರಿ, ಆದರೆ ದೂರನ್ನು ಬರೆಸದೆ ಕಾಯುವುದು ಸರಿಯಲ್ಲ.

ಕೇಬಲ್ ಹೊಂದಿಸುವುದು

ಖರ್ಚಿಲ್ಲದ, ವಾರಂಟಿಗೆ ಧಕ್ಕೆಯಿಲ್ಲದ ದಾರಿ ಇದು. ಕ್ಲಚ್ ಲಿವರಿನ ಫ್ರೀ ಪ್ಲೇ, ಅಂದರೆ ಕೇಬಲ್ ಬಿಗಿಯಾಗುವ ಮೊದಲು ಲಿವರ್ ಸಡಿಲವಾಗಿ ಚಲಿಸುವ ದೂರ, ನೋಡಿಕೊಳ್ಳುವುದು ಮಾಲೀಕನ ಕೆಲಸವೆಂದು ಕೈಪಿಡಿಯಲ್ಲಿಯೇ ಬರೆದಿರುತ್ತದೆ. ಲಿವರಿನ ತುದಿಯಲ್ಲಿ ಅಳೆದರೆ ಅನೇಕ ಬೈಕುಗಳಿಗೆ ಅದು 10ರಿಂದ 20 ಮಿಲಿಮೀಟರ್. ನಿಮ್ಮ ಬೈಕಿನ ಅಂಕಿಯನ್ನು ನಿಮ್ಮ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಸಣ್ಣ ವ್ಯತ್ಯಾಸವನ್ನು ಹ್ಯಾಂಡಲ್ ಬಳಿಯ ಅಡ್ಜಸ್ಟರಿನಲ್ಲಿ, ದೊಡ್ಡದನ್ನು ಎಂಜಿನ್ ಬಳಿಯದರಲ್ಲಿ ಸರಿಪಡಿಸಬೇಕು. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ಮತ್ತೆ ಅಳೆಯಬೇಕು, ಏಕೆಂದರೆ ಕೇಬಲ್ ಎಲ್ಲಾದರೂ ಸೆಳೆದುಕೊಳ್ಳುತ್ತಿದ್ದರೆ ಅಂಕಿ ಬದಲಾಗುತ್ತದೆ. ಲಿವರನ್ನು ಹ್ಯಾಂಡಲ್‌ಗೆ ಹತ್ತಿರ ತರುವ ಅಂಕಿಗಳ ಚಕ್ರ ಕೆಲವು ಬೈಕುಗಳಲ್ಲಿ ಇರುತ್ತದೆ. ಅದು ಫ್ರೀ ಪ್ಲೇ ಅಲ್ಲ. ಅದನ್ನು ಅತಿ ಹತ್ತಿರಕ್ಕೆ ಇಟ್ಟುಕೊಂಡರೆ ಕ್ಲಚ್ ಪೂರ್ತಿ ಬಿಡುವ ಮೊದಲೇ ಲಿವರ್ ಹಿಡಿಕೆಗೆ ತಾಗಿಬಿಡಬಹುದು.

ಫ್ರೀ ಪ್ಲೇಯನ್ನು ಮಿತಿಯ ಕಡಿಮೆ ತುದಿಗೆ ತಂದಾಗ ತಣ್ಣನೆಯ ಎಂಜಿನ್‌ನಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು, ಮೊದಲ ಗೇರ್ ಬೀಳುವ ಸದ್ದು ತಗ್ಗಿತು. ಬಿಸಿಯಲ್ಲಿ ಗುಣ ಅಲ್ಪ. ಇಲ್ಲೇ ಒಂದು ಆಸೆ ಹುಟ್ಟುತ್ತದೆ: ಇನ್ನಷ್ಟು ಬಿಗಿ ಮಾಡಿ ಫ್ರೀ ಪ್ಲೇ ಪೂರ್ತಿ ತೆಗೆದರೆ ನ್ಯೂಟ್ರಲ್ ಸಲೀಸಾಗಿ ಸಿಗುತ್ತದಲ್ಲ? ಸಿಗಬಹುದು. ಆದರೆ ಆಗ ಲಿವರ್ ಬಿಟ್ಟಾಗಲೂ, ಒಂದಕ್ಕೊಂದು ಒತ್ತಿಕೊಂಡು ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟುಗಳು ಪೂರ್ತಿ ಒತ್ತಿಕೊಳ್ಳುವುದಿಲ್ಲ. ಮೇಲಿನ ಗೇರಿನಲ್ಲಿ ಥ್ರಾಟಲ್ ತೆರೆದರೆ ಎಂಜಿನ್ನಿನ ವೇಗ ಏರುತ್ತದೆ, ಬೈಕಿನ ವೇಗ ಏರುವುದಿಲ್ಲ. ಪ್ಲೇಟುಗಳು ಜಾರುತ್ತಾ ಸುಡುತ್ತವೆ. ಸುಟ್ಟ ಪ್ಲೇಟನ್ನು ಕಂಡ ಸರ್ವಿಸ್ ಸೆಂಟರ್ ಅದನ್ನು ಸವಾರನ ಲೆಕ್ಕಕ್ಕೆ ಬರೆಯುತ್ತದೆ, ಆಗ ನಿಮ್ಮ ನಿಜವಾದ ದೂರೂ ಅದರ ಜೊತೆ ಸುಟ್ಟುಹೋಗುತ್ತದೆ. ಈ ಪರಿಹಾರಗಳಲ್ಲೆಲ್ಲ ನಾನು ಖಡಾಖಂಡಿತವಾಗಿ ಬೇಡ ಎನ್ನುವುದು ಇದೊಂದನ್ನೇ.

ಆಯಿಲ್ ಬದಲಿಸುವುದು

ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರಕ್ಕೂ ಒಂದೇ ಆಯಿಲ್. ಹಾಗಾಗಿ ಆಯಿಲ್‌ಗೆ ಈ ವಿಷಯದಲ್ಲಿ ಪಾತ್ರವಿದೆ. ದ್ವಿಚಕ್ರದ ನಾಲ್ಕು ಸ್ಟ್ರೋಕ್ ಎಂಜಿನ್‌ಗಳ ಆಯಿಲ್‌ಗೆ ಜಪಾನಿನಲ್ಲಿ ರೂಪುಗೊಂಡ ಜಾಸೋ ಮಾನದಂಡ ಆಯಿಲಿನಲ್ಲಿ ಮುಳುಗಿದ ಕ್ಲಚ್ ಜಾರದಂತೆ ಘರ್ಷಣೆಯ ಗುಣವನ್ನು ಅಳೆದು ಎಂಎ (ಹೆಚ್ಚು ಘರ್ಷಣೆಯದು), ಎಂಬಿ (ಕಡಿಮೆ ಘರ್ಷಣೆಯದು) ಎಂದು ವಿಂಗಡಿಸುತ್ತದೆ. ಎಂಎ ಒಳಗೇ ಎಂಎ2 ಎಂಬುದು ಹೆಚ್ಚು ಘರ್ಷಣೆ ಕೊಡುವ ವರ್ಗ. ಇಂಧನ ಉಳಿಸಲೆಂದು ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ಕಾರಿನ ಆಯಿಲ್ ಇಂಥ ಕ್ಲಚ್‌ಗೆ ತಕ್ಕದ್ದಲ್ಲ.

ಮೊದಲ ಸರ್ವಿಸ್‌ನಲ್ಲಿ ಕೈಪಿಡಿ ಹೇಳಿದ ದರ್ಜೆಯೊಳಗೇ ಪೂರ್ತಿ ಸಿಂಥೆಟಿಕ್ ಆಯಿಲ್ ಹಾಕಿಸಿದೆ. ಗೇರ್ ಬೀಳುವುದು ಮೃದುವಾಯಿತು, ಮನಸ್ಸಿಗೂ ಹಿತವಾಯಿತು. ಸ್ವಲ್ಪ ದೂರ ಓಡಿದ ಮೇಲೆ ಎರಡೂ ತೊಂದರೆಗಳು ಹಿಂದಿನಂತೆಯೇ ಎದುರಿಗಿದ್ದವು. ಹೊಸ ಆಯಿಲ್ ಯಾವ ಗೇರ್‌ಬಾಕ್ಸಿಗಾದರೂ ಕೆಲಕಾಲ ಈ ಸುಖ ಕೊಡುತ್ತದೆ. ಅದನ್ನು ಪರಿಹಾರವೆಂದು ನಂಬಿ ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಹಾರುವುದರಲ್ಲಿ ಅರ್ಥವಿಲ್ಲ.

ಚೈನ್ ಬಗ್ಗೆ ಒಂದು ಮಾತು. ಅತಿ ಸಡಿಲವಿದ್ದರೂ ಅತಿ ಬಿಗಿಯಿದ್ದರೂ ಗೇರ್ ಬದಲಾವಣೆ ಒರಟಾಗುತ್ತದೆ. ನನ್ನದು ಮಿತಿಯೊಳಗಿತ್ತು, ಆ ಅನುಮಾನ ಅಲ್ಲಿಗೇ ಮುಗಿಯಿತು.

ಕಾಲಿನ ಲಿವರ್

ಇದನ್ನು ಯಾರೂ ಸಲಹೆ ಮಾಡಿರಲಿಲ್ಲ. ಐದು-ಆರರ ತೊಂದರೆಯನ್ನು ಸಂಪೂರ್ಣ ನಿವಾರಿಸಿದ್ದು ಇದೇ. ಸ್ಪೋರ್ಟ್ ಬೈಕಿನಲ್ಲಿ ಕಾಲಿಡುವ ಜಾಗ ಹಿಂದಕ್ಕೆ, ಮೇಲಕ್ಕೆ ಇರುತ್ತದೆ. ಮೊಣಕಾಲು ಮಡಚಿ, ಪಾದ ಮುಂದಕ್ಕೆ ಬಾಗಿ ಕುಳಿತಾಗ ಪಾದವನ್ನು ಮೇಲಕ್ಕೆ ಎತ್ತಲು ಉಳಿಯುವ ಅವಕಾಶ ಕಡಿಮೆ. ಲಿವರ್ ನಮ್ಮ ಪಾದಕ್ಕೆ, ಬೂಟಿನ ದಪ್ಪಕ್ಕೆ ಹೊಂದಿಲ್ಲದಿದ್ದರೆ ಡ್ರಮ್ ತನ್ನ ಮೆಟ್ಟಿಲು ಮುಟ್ಟುವ ಮೊದಲೇ ನಮ್ಮ ಒದೆತ ಮುಗಿದಿರುತ್ತದೆ, ಹಲ್ಲುಗಳು ಕಿಂಡಿಗೆ ಹೊಕ್ಕಿರುವುದಿಲ್ಲ. ವೇಗದಲ್ಲಿ ಹ್ಯಾಂಡಲ್ ಮೇಲೆ ಬಾಗಿ ಕುಳಿತಾಗಲೇ ಆರನೇ ಗೇರಿನ ಸರದಿ ಬರುವುದರಿಂದ ಅಲ್ಲೇ ಹೆಚ್ಚು ತಪ್ಪುತ್ತಿತ್ತು.

ಲಿವರನ್ನೂ ಗೇರ್‌ಬಾಕ್ಸನ್ನೂ ಜೋಡಿಸುವ ಸಣ್ಣ ಸರಳಿನ ಎರಡೂ ತುದಿಗಳಲ್ಲಿ ಲಾಕ್‌ನಟ್ ಇರುತ್ತದೆ. ಒಂದು ಸಾಮಾನ್ಯವಾಗಿ ಎಡತಿರುವಿನದು, ಬಲ ಹಾಕುವ ಮುನ್ನ ಇದು ನೆನಪಿರಲಿ. ಸಡಿಲಿಸಿ ಸರಳನ್ನು ತುಸು ತಿರುಗಿಸಿದರೆ ಲಿವರ್ ಏರುತ್ತದೆ ಅಥವಾ ಇಳಿಯುತ್ತದೆ. ನಾನು ತುಸು ಇಳಿಸಿದೆ. ಪಾದಕ್ಕೆ ಪೂರ್ತಿ ಎತ್ತುವ ಜಾಗ ಸಿಕ್ಕಿತು, ಫಾಲ್ಸ್ ನ್ಯೂಟ್ರಲ್ ನಿಂತುಹೋಯಿತು. ಕ್ವಿಕ್‌ಶಿಫ್ಟರಿನ ಸಂವೇದಕ ಕೆಲವು ಬೈಕುಗಳಲ್ಲಿ ಈ ಸರಳಿನಲ್ಲೇ ಇರುತ್ತದೆ, ಅದರ ತಂತಿ ಸೆಳೆಯದಂತೆ ನೋಡಿಕೊಳ್ಳಬೇಕು. ಧೈರ್ಯವಿಲ್ಲದವರು ಸರ್ವಿಸ್ ಸೆಂಟರಿನಲ್ಲೇ, ತಮ್ಮ ಸವಾರಿಯ ಬೂಟು ಧರಿಸಿ ಬೈಕಿನ ಮೇಲೆ ಕುಳಿತು ಮಾಡಿಸಿಕೊಳ್ಳಲಿ.

ವಾರಂಟಿಯ ದಾರಿ

ಬಿಸಿಯ ನ್ಯೂಟ್ರಲ್ ಬಾಕಿ ಉಳಿಯಿತು. ಸರ್ವಿಸ್ ಸೆಂಟರಿಗೆ ಮೊದಲು ಹೋದಾಗ ದೂರು ಬರೆದುಕೊಂಡಿದ್ದು "ಗೇರ್ ಗಟ್ಟಿ" ಎಂದು. ತಣ್ಣಗೆ ನಿಂತಿದ್ದ ಬೈಕನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸಿ, ಈ ಮಾದರಿಯ ಎಲ್ಲಾ ಬೈಕುಗಳೂ ಹೀಗೆಯೇ ಎಂದು ವಾಪಸು ಕೊಟ್ಟರು. ಆ ಉತ್ತರದಿಂದ ನನಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಕೆಲಸಕ್ಕೆ ಬಂದದ್ದು ದೂರಿನ ಮಾತನ್ನು ಬದಲಿಸಿದ್ದು.

ಮುಂದಿನ ಬಾರಿ ಜಾಬ್ ಕಾರ್ಡಿನಲ್ಲಿ, ಅಂದರೆ ಸರ್ವಿಸ್ ಸೆಂಟರ್ ದೂರು, ಕೆಲಸ ಬರೆದಿಡುವ ಚೀಟಿಯಲ್ಲಿ, ಹೀಗೆ ಬರೆಸಿದೆ: ಫ್ರೀ ಪ್ಲೇ ಕೈಪಿಡಿಯ ಮಿತಿಯಲ್ಲಿದೆ, ಎಂಜಿನ್ ಬಿಸಿಯಾದಾಗ ಕ್ಲಚ್ ಪೂರ್ತಿ ಹಿಡಿದರೂ ಬೈಕ್ ಮುಂದಕ್ಕೆ ಜಗ್ಗುತ್ತದೆ, ಎಂಜಿನ್ ಓಡುವಾಗ ನ್ಯೂಟ್ರಲ್ ಸಿಗುವುದಿಲ್ಲ, ಆರಿಸಿದರೆ ಸಿಗುತ್ತದೆ. ಜೊತೆಗೆ ಓಡೋಮೀಟರ್, ತಾಪಮಾನ, ಗೇರ್ ಸೂಚಕ ಮೂರೂ ಕಾಣುವಂತೆ ತೆಗೆದ ವಿಡಿಯೋ ಕೊಟ್ಟೆ. ದೂರ ಓಡಿಸಿ ಬಿಸಿ ಮಾಡಿಯೇ ಬೈಕ್ ಒಯ್ದು, ಆರುವ ಮೊದಲೇ ಹಿರಿಯ ಮೆಕ್ಯಾನಿಕ್ ಓಡಿಸಬೇಕೆಂದು ಕೇಳಿಕೊಂಡೆ. ಅದೇ ಮಾದರಿಯ ಇನ್ನೊಂದು ಬೈಕನ್ನೂ ಬಿಸಿ ಮಾಡಿ ಹೋಲಿಸಿ ಎಂದೆ. "ಎಲ್ಲವೂ ಹೀಗೆಯೇ" ಎಂಬ ಮಾತು ಅಲ್ಲಿ ನಿಲ್ಲಲಿಲ್ಲ, ಪಕ್ಕದ ಬೈಕಿನಲ್ಲಿ ನ್ಯೂಟ್ರಲ್ ಸಲೀಸಾಗಿ ಸಿಕ್ಕಿತು.

ಕ್ಲಚ್ ಬಿಚ್ಚಿದಾಗ ಉಕ್ಕಿನ ಪ್ಲೇಟುಗಳಲ್ಲಿ ಕೆಲವು ಬಾಗಿದ್ದವು. ಸಮತಟ್ಟಾದ ಮೇಲ್ಮೈಯ ಮೇಲಿಟ್ಟು, ಸಂದಿಯ ಅಗಲ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜಿನಿಂದ ಇದನ್ನು ಅಳೆಯುತ್ತಾರೆ. ಅನೇಕ ಎಂಜಿನ್‌ಗಳಲ್ಲಿ ಒಪ್ಪುವ ಬಾಗು ಮಿಲಿಮೀಟರಿನ ಹತ್ತನೇ ಒಂದರಿಂದ ಮೂರು ಭಾಗದಷ್ಟೇ. ಬಾಗಿದ ಪ್ಲೇಟು ಕ್ಲಚ್ ಹಿಡಿದಾಗಲೂ ಪಕ್ಕದ ಪ್ಲೇಟನ್ನು ಅಲ್ಲಲ್ಲಿ ತಾಗಿಕೊಂಡು ತನ್ನೊಂದಿಗೆ ಎಳೆದೊಯ್ಯುತ್ತದೆ.

ಕ್ಲಚ್ ಪ್ಲೇಟ್ ಸವೆಯುವ ಭಾಗ, ವಾರಂಟಿಯಲ್ಲಿ ಬರುವುದಿಲ್ಲ ಎಂಬ ಮಾತು ನಿರೀಕ್ಷೆಯಂತೆ ಬಂತು. ಸಹಜ ಸವೆತಕ್ಕೆ ವಾರಂಟಿ ಇಲ್ಲ ಎಂಬುದು ನಿಜ. ತಯಾರಿಕೆಯ ದೋಷ ಬೇರೆ ವಿಷಯ. ಸವಾರ ಕ್ಲಚ್ ಜಾರಿಸಿ ಕೆಡಿಸಿದ್ದರೆ ಉಕ್ಕಿನ ಪ್ಲೇಟು ಕಾದು ನೀಲಿ ಬಣ್ಣಕ್ಕೆ ತಿರುಗಿರುತ್ತದೆ, ಘರ್ಷಣೆಯ ಪ್ಲೇಟಿನ ದಪ್ಪ ಇಳಿದಿರುತ್ತದೆ, ಸುಟ್ಟ ವಾಸನೆ ಇರುತ್ತದೆ. ಇಲ್ಲಿ ಬಣ್ಣ ಬದಲಾಗಿರಲಿಲ್ಲ, ದಪ್ಪ ಹೊಸದರಷ್ಟೇ ಇತ್ತು. ಪ್ಲೇಟುಗಳ ಫೋಟೋ ಮತ್ತು ಅಳತೆಗಳನ್ನು ಕಂಪನಿಗೆ ಕಳಿಸಿರೆಂದು ಪಟ್ಟು ಹಿಡಿದೆ. ಒಪ್ಪಿಗೆ ಬಂತು, ಇಡೀ ಸೆಟ್ ಬದಲಾಯಿತು. ಕ್ಲಚ್ ಕವರನ್ನು ಹೊರಗಿನ ಮೆಕ್ಯಾನಿಕ್ ಮೊದಲೇ ಬಿಚ್ಚಿದ್ದರೆ, ಅಥವಾ ಹೊರಗಿನ ಲಿವರ್, ಕೇಬಲ್ ಹಾಕಿಸಿದ್ದರೆ ಈ ವಾದಕ್ಕೆ ಬಲವಿರುತ್ತಿರಲಿಲ್ಲ. ವಾರಂಟಿ ಇರುವಷ್ಟು ದಿನ, ಎಷ್ಟೇ ನುರಿತವರಾದರೂ, ಹೊರಗಿನವರಿಂದ ಎಂಜಿನ್ ಬಿಚ್ಚಿಸಬೇಡಿ ಎನ್ನುವುದು ಇದಕ್ಕೇ.

ಈಗ ಎಂಜಿನ್ ಎಷ್ಟೇ ಕಾದಿದ್ದರೂ ನಿಂತಲ್ಲಿ ನ್ಯೂಟ್ರಲ್ ಸಿಗುತ್ತದೆ. ಉಳಿದಿರುವುದು ತಣ್ಣನೆಯ ಎಂಜಿನ್‌ನಲ್ಲಿ ಮೊದಲ ಗೇರ್ ಬೀಳುವಾಗಿನ ಟಕ್ ಸದ್ದು. ದಪ್ಪಗಿರುವ ತಣ್ಣನೆಯ ಆಯಿಲ್ ಪ್ಲೇಟುಗಳನ್ನು ಸ್ವಲ್ಪ ಅಂಟಿಸಿಕೊಂಡಿರುವುದರಿಂದ ಅದು ಸಹಜ. ಅದನ್ನು ದೂರಾಗಿ ಬರೆಸುವ ಅಗತ್ಯವಿಲ್ಲ. ಪ್ಲೇಟ್ ಬದಲಿಸಿಕೊಂಡವರು ಒಂದು ಕೆಲಸ ಮರೆಯದಿರಿ: ಹೊಸ ಸೆಟ್ ಕೂತ ಮೇಲೆ ಫ್ರೀ ಪ್ಲೇ ಬದಲಾಗುತ್ತದೆ, ಆದ್ದರಿಂದ ಬೈಕ್ ಕೈಗೆ ಬಂದ ದಿನವೇ ಅಳೆಯಿರಿ, ಸ್ವಲ್ಪ ಓಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಬದಲಿಸಿದ ಭಾಗಗಳ ಹೆಸರು ಮತ್ತು ಓಡೋಮೀಟರಿನ ಅಂಕಿ ಜಾಬ್ ಕಾರ್ಡಿನಲ್ಲಿ ಇವೆಯೇ ಎಂದು ಅಲ್ಲೇ ನಿಂತು ಓದಿ ನೋಡಿ, ಒಂದು ಪ್ರತಿ ಪಡೆದುಕೊಳ್ಳಿ.