17:17:17 ಹರಳು ಗೊಬ್ಬರ: ಎರಚಿದರೆ ಕಳೆಗೇ ಊಟ

ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇ. 17 ಇರುವ ಈ ಗೊಬ್ಬರವನ್ನು ಮೂರು ಬೆಳೆಗೆ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಹರಳು ಚೆನ್ನಾಗಿದೆ, ಗಂಟು ಕಟ್ಟುವುದಿಲ್ಲ. ಆದರೆ ದಯವಿಟ್ಟು ಎರಚಬೇಡಿ. ಮೊದಲ ಸಲ ಮಡಿ ತುಂಬ ಎರಚಿದ್ದೆ. ಸಾಲಿನ ನಡುವಿನ ಖಾಲಿ ಜಾಗದಲ್ಲಿ ಒಂಟಿ ಪಾರ್ಥೇನಿಯಂ ನನ್ನ ಎದೆಮಟ್ಟ ಬೆಳೆದು, ಕೊಂಬೆಕೊಂಬೆಗೂ ಬಿಳಿ ಹೂ ಹೊತ್ತು ನಿಂತಿತ್ತು. ಅಂಥ ಒಂದೇ ಗಿಡ 15,000ದಷ್ಟು ಬೀಜ ಉದುರಿಸಬಲ್ಲದು! ಅದೇ ಮಡಿಯ ಮೂಲೆಯಲ್ಲಿ ಒತ್ತೊತ್ತಾಗಿ ಹುಟ್ಟಿದ್ದವು ಗೇಣುದ್ದಕ್ಕೇ ನಿಂತು, ಕಡ್ಡಿಯಂತೆ ಸಣಕಲಾಗಿ ನಾಲ್ಕೈದು ಹೂ ಬಿಟ್ಟಿದ್ದವು. ಬಿದ್ದ ಗೊಬ್ಬರ ಅಷ್ಟೇ, ಹಂಚಿಕೊಳ್ಳುವವು ಹೆಚ್ಚು. (ಅವೂ ಬೀಜ ಕಟ್ಟದೆ ಬಿಡಲಿಲ್ಲ, ನೋಡಿ.) ಈಗ ಬೆಳೆಯ ಬುಡದ ಪಕ್ಕ ಮಾತ್ರ ಹಾಕಿ ಮಣ್ಣು ಮುಚ್ಚುತ್ತೇನೆ, ಸಾಲನ್ನೂ ಹತ್ತಿರ ಮಾಡಿದ್ದೇನೆ. ಕಳೆ ಕೀಳುವ ಕೆಲಸ ಅರ್ಧಕ್ಕಿಳಿದಿದೆ. ಐದಕ್ಕೆ ನಾಲ್ಕು ಸ್ಟಾರ್. ಎರಚುವ ಬಗ್ಗೆ ಚೀಲದ ಮೇಲೆ ಒಂದು ಸಾಲೂ ಎಚ್ಚರಿಕೆ ಇಲ್ಲದ್ದಕ್ಕೆ ಒಂದು ಕಡಿಮೆ.