ಅರಿಜೋನಾದಲ್ಲೋ, ಸ್ಯಾಂಟೊ ಡೊಮಿಂಗೊದಲ್ಲೋ?

ಅಮೆರಿಕದ ಮೈನರ್ ಲೀಗಿನ, ಅಂದರೆ ಅತ್ಯುನ್ನತ ಮೇಜರ್ ಲೀಗಿಗಿಂತ ಕೆಳಗಿನ ಹಂತದ, ಉದಯೋನ್ಮುಖ ಬೇಸ್‌ಬಾಲ್ ಆಟಗಾರರನ್ನು ಸೀಸನ್ ಮುಗಿದ ಮೇಲೂ ನೋಡುವ ಆಸೆಯಿದ್ದರೆ ಎರಡು ದಾರಿಗಳಿವೆ.

1992ರಲ್ಲಿ ಶುರುವಾದ ಅರಿಜೋನಾ ಫಾಲ್ ಲೀಗ್ ಫೀನಿಕ್ಸ್ ಸುತ್ತಮುತ್ತ, ಅಕ್ಟೋಬರ್‌ನಿಂದ ನವೆಂಬರ್ ಮಧ್ಯದವರೆಗೆ ನಡೆಯುತ್ತದೆ. ಆರು ತಂಡಗಳು, ಮೇಜರ್ ಲೀಗಿನ 30 ಕ್ಲಬ್‌ಗಳೂ ತಮ್ಮ ಹುಡುಗರನ್ನು ಕಳಿಸುತ್ತವೆ. ಜನಸಂದಣಿ ಕಡಿಮೆ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ ಕೂತರೆ ಕ್ಯಾಚರ್‌ನ ಗ್ಲೌಸಿಗೆ ಚೆಂಡು ಬಡಿಯುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ, ಪಕ್ಕದಲ್ಲೇ ಪ್ರತಿಭೆ ಹುಡುಕುವ ಸ್ಕೌಟ್‌ಗಳು ಚೆಂಡಿನ ವೇಗ ಅಳೆಯುವ ರೇಡಾರ್ ಗನ್ ಹಿಡಿದು ಕೂತಿರುತ್ತಾರೆ. ಬಾಸ್ಕೆಟ್‌ಬಾಲ್ ಬಿಟ್ಟು ಬಂದ ಮೈಕೆಲ್ ಜೋರ್ಡಾನ್ 1994ರಲ್ಲಿ ಆಡಿದ್ದು ಇಲ್ಲೇ, ಸ್ಕಾಟ್ಸ್‌ಡೇಲ್ ತಂಡಕ್ಕೆ. ಇಲ್ಲಿ ಗೆಲುವಿಗಿಂತ ಕಲಿಕೆಗೇ ಬೆಲೆ. ಪಿಚರ್ ಎಷ್ಟು ಚೆಂಡು ಎಸೆಯಬೇಕೆಂಬುದಕ್ಕೂ ಲೆಕ್ಕವಿರುತ್ತದೆ.

ಎರಡನೆಯ ದಾರಿಯಾದ ಡೊಮಿನಿಕನ್ ಗಣರಾಜ್ಯದ ಚಳಿಗಾಲದ ಲೀಗಿನಲ್ಲಿ ಹಾಗಲ್ಲ. ಅಲ್ಲೂ ಆರೇ ತಂಡ, ಆದರೆ ಗೆಲ್ಲಲೇಬೇಕು. ಚಾಂಪಿಯನ್ನರು ಆ ಭಾಗದ ದೇಶಗಳ ಚಾಂಪಿಯನ್ ತಂಡಗಳು ಸೆಣಸುವ ಕೆರಿಬಿಯನ್ ಸರಣಿಗೆ ಹೋಗುತ್ತಾರೆ. ರಾಜಧಾನಿ ಸ್ಯಾಂಟೊ ಡೊಮಿಂಗೊದ ಲಿಸೇ ತಂಡ 1907ರದ್ದು, ಅದರ ಮೇಲಿನ ಅಭಿಮಾನ ಮನೆತನದಿಂದ ಬಂದದ್ದು. ಚೆನ್ನಾಗಿ ಆಡದ ಹೊರನಾಡಿನ ಹುಡುಗನನ್ನು ಬೇಗನೆ ಮನೆಗೆ ಕಳಿಸುತ್ತಾರೆ.

ಪ್ರತಿಭೆಯನ್ನು ಹತ್ತಿರದಿಂದ ಅಳೆಯಬೇಕೆನ್ನುವವರು ಅರಿಜೋನಾಕ್ಕೆ ಹೋಗಿ. ನನ್ನ ಮನಸ್ಸು ಮಾತ್ರ ಸ್ಯಾಂಟೊ ಡೊಮಿಂಗೊ ಕಡೆಗೇ: ಇಪ್ಪತ್ತೆರಡರ ಹುಡುಗ ಗದ್ದಲದ ನಡುವೆ ಕೊನೆಯ ಇನ್ನಿಂಗ್ಸ್ ಹೇಗೆ ಆಡುತ್ತಾನೆಂದು ಅಲ್ಲೇ ಗೊತ್ತಾಗುವುದು.