ಓಪನ್‌ಲಾಗ್‌ಗೆ ಕಮಾಂಡ್ ಕಳಿಸಲು ಯಾವುದು ಒಳ್ಳೆಯದು: ಪುಟ್ಟಿ, ಟೆರಾ ಟರ್ಮ್, ಆರ್ಡುಯಿನೊ ಮಾನಿಟರ್, ಪೈಸೀರಿಯಲ್?

ಓಪನ್‌ಲಾಗ್ ಅನ್ನುವುದು ಸ್ಪಾರ್ಕ್‌ಫನ್‌ನವರ ಪುಟ್ಟ ಡೇಟಾ ಲಾಗರ್. ಸೀರಿಯಲ್ ತಂತಿಯಲ್ಲಿ ಏನು ಬಂದರೂ ಮೈಕ್ರೋ ಎಸ್‌ಡಿ ಕಾರ್ಡಿಗೆ ಬರೆದಿಡುತ್ತದೆ. ನಾನು ಅದನ್ನು ತಾಪಮಾನ, ತೇವಾಂಶದ ಸೆನ್ಸರ್ ಜೊತೆ ಬಳಸುತ್ತೇನೆ. ಡಬ್ಬಿ ಬಿಚ್ಚಿ ಕಾರ್ಡ್ ತೆಗೆಯುವ ಬದಲು ಅದೇ ತಂತಿಯಲ್ಲಿ ಕಮಾಂಡ್ ಕಳಿಸಿ ಫೈಲ್ ಓದಬಹುದು. ಆ ಕೆಲಸಕ್ಕೆ ಕಂಪ್ಯೂಟರಿನಿಂದ ಸೀರಿಯಲ್ ಪೋರ್ಟ್ ಮೂಲಕ ಮಾತಾಡುವ ಈ ನಾಲ್ಕು ಸಾಫ್ಟ್‌ವೇರ್‌ಗಳನ್ನೂ ಬಳಸಿ ನೋಡಿದೆ.

ಮೊದಲು ಲಾಗರ್‌ನ ಸ್ವಭಾವ ಗೊತ್ತಿರಬೇಕು. ಕರೆಂಟ್ ಕೊಟ್ಟ ಕೂಡಲೇ ಅದು ‘12<’ ಎಂದು ಕಳಿಸುತ್ತದೆ. 1 ಅಂದರೆ ಸೀರಿಯಲ್ ಸಿದ್ಧ, 2 ಅಂದರೆ ಕಾರ್ಡ್ ಸಿಕ್ಕಿದೆ, ‘<’ ಅಂದರೆ ಇನ್ನು ಬಂದದ್ದನ್ನೆಲ್ಲ ಬರೆದುಕೊಳ್ಳುತ್ತೇನೆ ಅಂತ. ಕಮಾಂಡ್ ಕೊಡಬೇಕಾದರೆ ಕಂಟ್ರೋಲ್ ಝಡ್, ಅಂದರೆ ಆಸ್ಕಿ (ಅಕ್ಷರಗಳಿಗೆ ಕೊಟ್ಟ ಸಂಖ್ಯೆಗಳ ಪಟ್ಟಿ) ಪ್ರಕಾರ 26, ಮೂರು ಸಲ ಒಟ್ಟಿಗೆ ಹೋಗಬೇಕು. ಆಗ ‘>’ ಬರುತ್ತದೆ. ಪ್ರತಿ ಕಮಾಂಡ್‌ನ ಕೊನೆಗೆ ಕ್ಯಾರೇಜ್ ರಿಟರ್ನ್, ಅಂದರೆ ಆಸ್ಕಿ 13 ಇರಬೇಕು. ‘>’ ಬರುವ ಮೊದಲೇ ಟೈಪ್ ಮಾಡಿದ ಕಮಾಂಡ್ ಸೀದಾ ನಿಮ್ಮ ಡೇಟಾ ಫೈಲಿನೊಳಗೆ ಹೋಗಿ ಕೂರುತ್ತದೆ! ಹಾಗಾಗಿ ಯಾವ ಬೈಟ್ ಯಾವಾಗ ಹೊರಟಿತು ಅನ್ನುವುದರ ಮೇಲೆ ನಿಮಗೆ ಹಿಡಿತ ಕೊಡುವ ಸಾಧನವೇ ಬೇಕು. ನಾನು ನಾಲ್ಕನ್ನೂ ಅಳೆದದ್ದು ಅದರಿಂದಲೇ.

ಆರ್ಡುಯಿನೊ ಸೀರಿಯಲ್ ಮಾನಿಟರ್ ಎಲ್ಲರ ಹತ್ತಿರವೂ ಇರುತ್ತದೆ, ಆದರೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಅದರ ಬರೆಯುವ ಜಾಗದಲ್ಲಿ ಕಂಟ್ರೋಲ್ ಝಡ್ ಒತ್ತಿದರೆ ಟೈಪ್ ಮಾಡಿದ್ದು ಅಳಿಸುತ್ತದೆಯೇ ಹೊರತು 26 ಹೊರಗೆ ಹೋಗುವುದಿಲ್ಲ. ಕಾರ್ಡಿನಲ್ಲಿರುವ ಕಾನ್ಫಿಗ್ ಫೈಲ್ ತೆರೆದು 26ರ ಬದಲು 36 ಬರೆದರೆ ಮೂರು ಡಾಲರ್ ಚಿಹ್ನೆಯಿಂದ ಕೆಲಸ ಆಗುತ್ತದೆ. ಲೈನ್ ಎಂಡಿಂಗ್ ‘ಕ್ಯಾರೇಜ್ ರಿಟರ್ನ್’ ಎಂದಿರಬೇಕು. ಇನ್ನೊಂದು ತೊಂದರೆಯೂ ಇದೆ. ಪೋರ್ಟ್ ತೆರೆದಾಗ ಡಿಟಿಆರ್, ಅಂದರೆ ಕಂಪ್ಯೂಟರ್ ಸಿದ್ಧವಿದೆ ಎಂದು ಹೇಳುವ ಸಂಕೇತದ ತಂತಿ, ಅಲುಗುತ್ತದೆ. ಆ ತಂತಿಯನ್ನು ಲಾಗರ್‌ನ ಜಿಆರ್‌ಎನ್ ಪಿನ್‌ಗೆ ಕೊಟ್ಟಿದ್ದರೆ ಲಾಗರ್ ರೀಸೆಟ್ ಆಗಿ, ಮೂಲ ಸೆಟ್ಟಿಂಗ್‌ನಲ್ಲಿ ಪ್ರತಿ ಸಲವೂ ಹೊಸ ಲಾಗ್ ಫೈಲ್ ಶುರು ಮಾಡುತ್ತದೆ. ಆ ಒಂದು ತಂತಿಯನ್ನು ಬಿಡಿಸಿಟ್ಟರೆ ಆಯ್ತು.

ಪುಟ್ಟಿಯಲ್ಲಿ ಕಂಟ್ರೋಲ್ ಝಡ್‌ನ ಗೋಜಿಲ್ಲ. ಕೀಲಿ ಒತ್ತಿದ ತಕ್ಷಣ ಬೈಟ್ ಹೊರಡುತ್ತದೆ. ಎಂಟರ್ ಒತ್ತಿದರೆ ಬರೀ 13 ಹೋಗುತ್ತದೆ, ಲಾಗರ್‌ಗೆ ಬೇಕಾದದ್ದೂ ಅದೇ. ಲಾಗರ್‌ನ ಮೂಲ ವೇಗವಾದ 9600 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ಇದರಲ್ಲಿ ಮೊದಲೇ ಇರುತ್ತದೆ. ಫ್ಲೋ ಕಂಟ್ರೋಲ್ (ಡೇಟಾ ನಿಲ್ಲಿಸು, ಮುಂದುವರಿಸು ಎನ್ನುವ ವ್ಯವಸ್ಥೆ) ಮಾತ್ರ ಎಕ್ಸ್ಆನ್/ಎಕ್ಸ್ಆಫ್ ಎಂದಿರುತ್ತದೆ, ಅದನ್ನು ‘None’ ಮಾಡಿ. ಲಾಗರ್ ಹೇಗಿದೆ, ಯಾವ ಫೈಲ್‌ಗಳಿವೆ ಎಂದು ಒಮ್ಮೆ ನೋಡಿ ಬರಲು ಇದಕ್ಕಿಂತ ಸುಲಭವಾದದ್ದಿಲ್ಲ. ಸೆಷನ್ ಲಾಗಿಂಗ್ ಆನ್ ಮಾಡಿ ರೀಡ್ ಕಮಾಂಡ್ ಕೊಟ್ಟರೆ ಇಡೀ ಫೈಲ್ ಕಂಪ್ಯೂಟರ್‌ಗೆ ಇಳಿಯುತ್ತದೆ. ಹಿಂದೆ ಮುಂದೆ ಉಳಿದ ಕಮಾಂಡ್ ಸಾಲನ್ನು ಕೈಯಾರೆ ತೆಗೆಯಬೇಕು. ಆದರೆ ನಾಲ್ಕೈದು ಕಮಾಂಡ್ ಒಟ್ಟಿಗೆ ಪೇಸ್ಟ್ ಮಾಡಿದರೆ ಪುಟ್ಟಿ ನಡುವೆ ಉಸಿರು ಬಿಡುವುದಿಲ್ಲ. ಲಾಗರ್ ಒಂದು ಕಮಾಂಡ್ ಮುಗಿಸಿತೋ ಇಲ್ಲವೋ ಎಂದು ಅದು ನೋಡುವುದೇ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಟೆರಾ ಟರ್ಮ್. ಸೀರಿಯಲ್ ಸೆಟ್ಟಿಂಗ್‌ನಲ್ಲೇ ಪ್ರತಿ ಅಕ್ಷರಕ್ಕೆ, ಪ್ರತಿ ಸಾಲಿಗೆ ಎಷ್ಟು ಮಿಲಿಸೆಕೆಂಡ್ ಬಿಡುವು ಎಂದು ಹೇಳಬಹುದು. ಅದಕ್ಕಿಂತ ದೊಡ್ಡದು ಅದರ ಮ್ಯಾಕ್ರೊ. 26 ಮೂರು ಸಲ ಕಳಿಸು, ‘>’ ಬರುವ ತನಕ ಕಾಯಿ, ಆಮೇಲೆ ಕಮಾಂಡ್ ಕಳಿಸು: ಇಷ್ಟನ್ನು ಮೂರು ಸಾಲಿನಲ್ಲಿ ಬರೆದಿಡಬಹುದು. ಸುಮ್ನೆ ಎರಡು ಸೆಕೆಂಡ್ ಕಾಯುವುದಕ್ಕೂ ಉತ್ತರ ಬರುವ ತನಕ ಕಾಯುವುದಕ್ಕೂ ಬಹಳ ವ್ಯತ್ಯಾಸವಿದೆ. ಕಾರ್ಡ್ ಕೆಲವೊಮ್ಮೆ ತಡವಾಗಿ ತೆರೆಯುತ್ತದೆ, ಆಗ ಸಮಯದ ಲೆಕ್ಕ ಕೈಕೊಡುತ್ತದೆ. ಪ್ರೋಗ್ರಾಮಿಂಗ್ ಬಾರದವರೂ ಈ ಮ್ಯಾಕ್ರೊ ಬರೆಯಬಹುದು. ಇದು ನನ್ನ ಮಟ್ಟಿಗೆ ದೊಡ್ಡ ಗುಣ. ಲಾಗ್‌ನಲ್ಲಿ ಪ್ರತಿ ಸಾಲಿಗೆ ಸಮಯ ಹಾಕುವ ಸೌಲಭ್ಯವೂ ಇದೆ. ನೇರವಾಗಿ ಬರುತ್ತಿರುವ ಸೆನ್ಸರ್ ಡೇಟಾಕ್ಕೆ ಅದು ಒಳ್ಳೆಯದು. ಹಳೆಯ ಫೈಲ್ ಇಳಿಸುವಾಗ ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಎಲ್ಲ ಸಾಲಿಗೂ ಇವತ್ತಿನ ಸಮಯ ಅಂಟಿಕೊಳ್ಳುತ್ತದೆ. ಟೆರಾ ಟರ್ಮ್ ವಿಂಡೋಸ್‌ಗೆ ಮಾತ್ರ ಅನ್ನುವುದೊಂದೇ ಕೊರತೆ.

ಲಿನಕ್ಸ್‌ನಲ್ಲಿ ನಾನು ಪೈಥಾನ್ ಭಾಷೆಯ ಪೈಸೀರಿಯಲ್ ಲೈಬ್ರರಿ ಬಳಸುತ್ತೇನೆ. ಉಬುಂಟುವಿನಲ್ಲಿ ಮೊದಲು ನಿಮ್ಮ ಹೆಸರನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿ, ಇಲ್ಲದಿದ್ದರೆ ಪೋರ್ಟ್ ತೆರೆಯುವುದಿಲ್ಲ. ಬೈಟ್ ಕಳಿಸುವುದು, ಉತ್ತರ ಓದುವುದು, ಬಂದದ್ದನ್ನು ಕತ್ತರಿಸಿ ಸ್ವಚ್ಛವಾದ ಫೈಲ್ ಮಾಡುವುದು, ಎಲ್ಲ ಒಂದೇ ಕಡೆ ಆಗುತ್ತದೆ. ‘>’ ಸಿಗುವ ತನಕ ಓದು ಎಂದು ಹೇಳುವಾಗ ಮಾತ್ರ ಎಚ್ಚರ. ನಿಮ್ಮ ಡೇಟಾದಲ್ಲೇ ‘>’ ಇದ್ದರೆ ಓದು ಅರ್ಧಕ್ಕೆ ನಿಲ್ಲುತ್ತದೆ. ಮೊದಲು ಸೈಜ್ ಕಮಾಂಡ್ ಕೊಟ್ಟು ಫೈಲ್ ಎಷ್ಟು ದೊಡ್ಡದೆಂದು ಕೇಳಿ, ಅಷ್ಟು ಬೈಟ್ ಎಣಿಸಿ ಓದುವುದು ಹೆಚ್ಚು ಭದ್ರ. ವಾರವಾರ ಡೇಟಾ ಇಳಿಸುವವರು ಇದನ್ನೇ ಕಲಿಯಿರಿ.

ಯಾವುದನ್ನು ಬಳಸಿದರೂ ವೇಗದ ಲೆಕ್ಕ ಒಂದೇ. 9600 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ 10 ಬಿಟ್, ಅಂದರೆ ಸೆಕೆಂಡಿಗೆ 960 ಅಕ್ಷರ. 1 ಎಂಬಿ ಫೈಲ್ ಇಳಿಯಲು ಸುಮಾರು 18 ನಿಮಿಷ ಬೇಕು. ಕಾನ್ಫಿಗ್ ಫೈಲ್‌ನಲ್ಲಿ ವೇಗವನ್ನು 115200 ಮಾಡಿದರೆ ಅದೇ ಕೆಲಸ ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಸೆನ್ಸರ್ ಕಡೆಯ ವೇಗವನ್ನೂ ಅಷ್ಟೇ ಮಾಡಬೇಕು.

ಕಂಪ್ಯೂಟರ್ ಜೋಡಿಸುವ ಮೊದಲು ಸೆನ್ಸರ್‌ನ ಟಿಎಕ್ಸ್ ತಂತಿ, ಅಂದರೆ ಡೇಟಾ ಕಳಿಸುವ ತಂತಿ, ಬಿಡಿಸಿ. ಒಂದೇ ಪಿನ್‌ಗೆ ಇಬ್ಬರು ಮಾತಾಡಿದರೆ ಯಾವ ಸಾಧನವೂ ಉಪಯೋಗಕ್ಕೆ ಬರುವುದಿಲ್ಲ. ಕಂಪ್ಯೂಟರ್ ಕಡೆಯ ಅಡಾಪ್ಟರ್ ಕಡಿಮೆ ವೋಲ್ಟೇಜಿನ ಟಿಟಿಎಲ್ ಮಟ್ಟದ್ದೇ ಆಗಿರಲಿ, ಹೆಚ್ಚು ವೋಲ್ಟೇಜಿನ ಹಳೆಯ ಆರ್‌ಎಸ್-232 ಪೋರ್ಟನ್ನು ನೇರವಾಗಿ ಕೊಡಬೇಡಿ. ಲಾಗರ್ ಕಮಾಂಡ್ ಮೋಡ್‌ನಲ್ಲೇ ಉಳಿದರೆ ಮುಂದಿನ ಡೇಟಾ ಯಾವುದೂ ದಾಖಲಾಗುವುದಿಲ್ಲ. ಅದಕ್ಕೇ ನನ್ನ ಮ್ಯಾಕ್ರೊದ ಕೊನೆಯ ಕಮಾಂಡ್ ಯಾವಾಗಲೂ ರೀಸೆಟ್. ಪರದೆಯ ಮೇಲೆ ‘12<’ ಕಂಡ ಮೇಲೆಯೇ ಸೆನ್ಸರ್ ತಂತಿಯನ್ನು ಮತ್ತೆ ಸಿಕ್ಕಿಸುತ್ತೇನೆ.